ಕುರ್ಚಿ ಬರೆಯಬೇಡಿ, ಕುರ್ಚಿಯ ಸಂದು ಬರೆಯಿರಿ

(ಪರದೆಯ ಮೇಲೆ: ಖಾಲಿ ಸ್ಟುಡಿಯೊ, ನಡುವೆ ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ)

ನಮಸ್ಕಾರ. ಈ ಕುರ್ಚಿ ನೋಡಿ. ಮದುವೆ ಛತ್ರದಲ್ಲಿ, ಟೀ ಅಂಗಡಿ ಮುಂದೆ ದಿನಾ ಕಾಣುವ ಅದೇ ಕುರ್ಚಿ. ಬಿವಿಎ, ಅಂದರೆ ದೃಶ್ಯಕಲೆಯ ಪದವಿಯ ಮೊದಲ ವರ್ಷಕ್ಕೆ ಬಂದ ಮಕ್ಕಳಿಗೆ ನಾನು ಮೊದಲು ಹೇಳುವುದು ಇದರ ಚಿತ್ರ ಬರೆಯಿರಿ ಅಂತ.

ಬಹುತೇಕ ಎಲ್ಲರ ಹಾಳೆಯಲ್ಲೂ ಒಂದೇ ತಪ್ಪು ಬರುತ್ತದೆ. ನಾಲ್ಕೂ ಕಾಲು ಒಂದೇ ಉದ್ದ. ಕೂರುವ ಜಾಗ ಅಗಲವಾದ ಚೌಕ. ಆದರೆ ಅವರು ಕೂತ ಕಡೆಯಿಂದ ನೋಡಿದರೆ ಆ ಚೌಕ ತೆಳ್ಳನೆಯ ಪಟ್ಟಿಯಷ್ಟೇ ಕಾಣುತ್ತದೆ! ಕೈಯಲ್ಲಿ ದೋಷವಿಲ್ಲ, ಗೆರೆಯೂ ಚೆನ್ನಾಗಿದೆ. ಬರೆದದ್ದು ಮಾತ್ರ ಎದುರಿಗಿರುವ ಕುರ್ಚಿಯನ್ನಲ್ಲ, ತಲೆಯಲ್ಲಿರುವ ಕುರ್ಚಿಯನ್ನು.

ಚಿಕ್ಕಂದಿನಲ್ಲಿ ನಾವೆಲ್ಲ ಒಂದು ಚಿತ್ರ ಬರೆದಿದ್ದೇವೆ, ಅಲ್ವಾ? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನಮರ, ಮುಂದೆ ಹೊಳೆ. ಮಲೆನಾಡಿನ ಮಗುವೂ ಅದನ್ನೇ ಬರೆಯುತ್ತದೆ, ಗುಡ್ಡವೇ ಕಾಣದ ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತದೆ. ಆ ಅಭ್ಯಾಸ ಹದಿನೆಂಟು ವರ್ಷಕ್ಕೂ ಬಿಟ್ಟಿರುವುದಿಲ್ಲ. ಫೌಂಡೇಶನ್, ಅಂದರೆ ತಳಪಾಯ ಹಾಕುವ ತರಗತಿಯ ಮೊದಲ ಕೆಲಸ ಆ ಅಭ್ಯಾಸ ಬಿಡಿಸುವುದು.

(ಪರದೆಯ ಮೇಲೆ: ರಟ್ಟಿನಲ್ಲಿ ಕತ್ತರಿಸಿದ ಚೌಕಟ್ಟು, ಅದರೊಳಗೆ ಕುರ್ಚಿ)

ಹೇಗೆ? ಒಂದು ರಟ್ಟಿನಲ್ಲಿ ಸಣ್ಣ ಕಿಟಕಿ ಕತ್ತರಿಸಿಕೊಳ್ಳಿ. ಒಂದು ಕಣ್ಣು ಮುಚ್ಚಿ, ಕಿಟಕಿಯೊಳಗೆ ಕುರ್ಚಿಯನ್ನು ಹಿಡಿಯಿರಿ. ಈಗ ಕುರ್ಚಿಯನ್ನು ಬಿಟ್ಟುಬಿಡಿ. ಅದರ ಸಂದುಗಳನ್ನು ನೋಡಿ. ಕುರ್ಚಿಯ ಕೈಗೂ ಆಸನಕ್ಕೂ ನಡುವೆ ಒಂದು ತೂತು ಇದೆ. ಅಲ್ಲಿಂದ ಶುರು ಮಾಡಿ, ಏಕೆಂದರೆ ಅದು ನಾಲ್ಕೂ ಕಡೆ ಮುಚ್ಚಿದೆ, ತಪ್ಪಿದರೆ ಬೇಗ ಗೊತ್ತಾಗುತ್ತದೆ. ಆಮೇಲೆ ಕಾಲುಗಳ ನಡುವಿನ ಜಾಗ. ಆಮೇಲೆ ಕುರ್ಚಿಗೂ ಕಿಟಕಿಯ ಅಂಚಿಗೂ ನಡುವಿನ ಜಾಗ. ಈ ಸಂದುಗಳನ್ನೆಲ್ಲ ಚಾರ್ಕೋಲ್‌ನಲ್ಲಿ, ಅಂದರೆ ಚಿತ್ರ ಬರೆಯುವ ಇದ್ದಿಲಿನಲ್ಲಿ, ಕಪ್ಪು ಮಾಡಿ. ಕೊನೆಗೆ ಹಾಳೆಯಲ್ಲಿ ಉಳಿದ ಬಿಳಿಯೇ ಕುರ್ಚಿ.

ಇದು ಫಲಿಸುವುದಕ್ಕೆ ಕಾರಣವಿದೆ. ಕುರ್ಚಿಗೆ ಹೆಸರಿದೆ, ಕಾಲಿಗೆ ಹೆಸರಿದೆ. ಹೆಸರು ಕೇಳಿದ ಕೂಡಲೇ ತಲೆ ತನ್ನ ಹಳೆಯ ಚಿತ್ರವನ್ನು ಮುಂದೆ ತರುತ್ತದೆ. ಸಂದಿಗೆ ಹೆಸರಿಲ್ಲ. ಅದರ ಚಿತ್ರ ತಲೆಯಲ್ಲಿ ಇಲ್ಲ. ಹಾಗಾಗಿ ಕಣ್ಣು ನೋಡಲೇಬೇಕು. ಸಂದಿನ ಅಂಚೇ ಕುರ್ಚಿಯ ಅಂಚು ಕೂಡ. ಒಂದು ಸರಿಯಾದರೆ ಇನ್ನೊಂದು ತಾನಾಗಿ ಸರಿಯಾಗುತ್ತದೆ. ಇದನ್ನೇ ನೆಗೆಟಿವ್ ಸ್ಪೇಸ್ ಅನ್ನುತ್ತಾರೆ.

ಅಳತೆಗೆ ಪೆನ್ಸಿಲ್ ಸಾಕು. ತೋಳನ್ನು ಪೂರ್ತಿ ಚಾಚಿ, ಆಸನದ ಅಗಲವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಗುರುತಿಸಿ, ಅದು ಬೆನ್ನಿನ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆ ನೋಡಿ. ಮೊಣಕೈ ಮಡಚಬೇಡಿ. ಕಣ್ಣಿಗೂ ಪೆನ್ಸಿಲ್‌ಗೂ ಇರುವ ದೂರ ಬದಲಾದರೆ ಅಳತೆಯೇ ಕೆಡುತ್ತದೆ.

ಪಾಠ ಮಾಡುವವರಿಗೆ ಒಂದು ಮಾತು. ಶುರುವಿನ ವರ್ಷಗಳಲ್ಲಿ ನಾನು ಮಕ್ಕಳ ಬೋರ್ಡ್ ಮುಂದೆ ಕೂತು, ಅವರ ಹಾಳೆಯ ಮೇಲೇ ಗೆರೆ ತಿದ್ದುತ್ತಿದ್ದೆ. ಚಿತ್ರ ಸರಿಯಾಗುತ್ತಿತ್ತು. ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತಿತ್ತು. ಈಗ ಅವರ ಹಾಳೆ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು, "ಆ ಸಂದು ಅಗಲ ಜಾಸ್ತಿಯೋ, ಎತ್ತರ ಜಾಸ್ತಿಯೋ?" ಎಂದು ಕೇಳುತ್ತೇನೆ. ಉತ್ತರ ಹುಡುಕಲು ಅವರು ಕುರ್ಚಿಯ ಕಡೆಗೇ ತಿರುಗಬೇಕು. ನನಗೆ ಬೇಕಾದದ್ದು ಅದೇ.

(ಪರದೆಯ ಮೇಲೆ: ಉದ್ದಕ್ಕೆ ಮಡಚಿ ನಿಲ್ಲಿಸಿದ ದಿನಪತ್ರಿಕೆ)

ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಮೊದಲು ಫೌಂಡೇಶನ್, ಆಮೇಲೆ ಪೇಂಟಿಂಗ್, ಶಿಲ್ಪ ಎಂದು ವಿಭಾಗ. ಕಲಾ ಶಾಲೆಗಳಲ್ಲಿ ಇಂಥ ಮೊದಲ ಹಂತಕ್ಕೆ ದೊಡ್ಡ ಮಾದರಿಯಾದದ್ದು ಜರ್ಮನಿಯ ಬೌಹೌಸ್ ಎಂಬ ಶಾಲೆ. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅದನ್ನು 1919ರಲ್ಲಿ ವೈಮಾರ್ ಊರಿನಲ್ಲಿ ಶುರು ಮಾಡಿದರು. ಅಲ್ಲಿನ ಆರಂಭದ ಕೋರ್ಸನ್ನು ಮೊದಲು ನಡೆಸಿದವರು ಯೊಹಾನ್ನೆಸ್ ಇಟೆನ್. ಆಮೇಲೆ ಪಾಠ ಮಾಡಿದವರಲ್ಲಿ ಯೋಸೆಫ್ ಆಲ್ಬರ್ಸ್ ಒಬ್ಬರು.

ಆಲ್ಬರ್ಸ್ ತರಗತಿಯ ಒಂದು ಸಂಗತಿಯನ್ನು ಅವರ ವಿದ್ಯಾರ್ಥಿಯೊಬ್ಬರು ನೆನೆದಿದ್ದಾರೆ. ಮೇಷ್ಟ್ರು ಎಲ್ಲರಿಗೂ ದಿನಪತ್ರಿಕೆ ಹಂಚಿ, ಇದರಲ್ಲಿ ಏನಾದರೂ ಮಾಡಿ ಎಂದು ಹೇಳಿ ಹೊರಗೆ ಹೋದರು. ಕೋಟೆ, ವಿಮಾನ, ಪ್ರಾಣಿಗಳು ತಯಾರಾದವು. ಆಲ್ಬರ್ಸ್ ಅವುಗಳಿಗೆ ಮನಸೋಲಲಿಲ್ಲ. ಅವನ್ನು ಬೇರೆ ವಸ್ತುವಿನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಲ್ಲ! ಅವರು ಮೆಚ್ಚಿದ್ದು ಉದ್ದಕ್ಕೆ ಒಂದೇ ಮಡಿಕೆ ಹಾಕಿ ನಿಲ್ಲಿಸಿದ ಹಾಳೆಯನ್ನು. ಮಲಗಿರುತ್ತಿದ್ದ ಕಾಗದ ಎದ್ದು ನಿಂತಿದೆ, ಎರಡೂ ಬದಿ ಕಾಣುತ್ತಿದೆ. ಕಾಗದದ ಗುಣವನ್ನು ನೋಡಿದವರಿಗೆ ಮಾತ್ರ ಅದು ಹೊಳೆಯುತ್ತದೆ. ಕುರ್ಚಿಯ ಸಂದಿನ ಪಾಠವೂ ಇದೇ.

1933ರಲ್ಲಿ ಬೌಹೌಸ್ ಮುಚ್ಚಿತು. ಆಲ್ಬರ್ಸ್ ಅಮೆರಿಕಕ್ಕೆ ಹೋದರು, 1950ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರು ಬಣ್ಣದ ಪಾಠವನ್ನು ಕುಂಚಕ್ಕಿಂತ ಹೆಚ್ಚಾಗಿ ಬಣ್ಣದ ಕಾಗದದಲ್ಲಿ ಮಾಡಿಸುತ್ತಿದ್ದರು. ನೀವೂ ಮಾಡಿ ನೋಡಿ. ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ. ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಬಿಳಿ ಹಾಳೆಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ, ಬಿಳಿಯ ಮೇಲಿನದು ಗಾಢವಾಗಿ ಕಾಣುತ್ತದೆ. ಒಂದೇ ಕಾಗದ ಅಂತ ಗೊತ್ತಿದ್ದರೂ ಹಾಗೇ ಕಾಣುತ್ತದೆ! ಸೀರೆ ಆರಿಸುವಾಗ ನಮ್ಮ ಅಮ್ಮಂದಿರು ಅಂಚನ್ನು ಬೇರೆ ಬೇರೆ ಒಡಲಿನ ಜೊತೆ ಹಿಡಿದು ನೋಡುವುದು ಸುಮ್ನೆ ಅಲ್ಲ. ಪಕ್ಕದ ಬಣ್ಣ ಬದಲಾದರೆ ಈ ಬಣ್ಣವೂ ಬದಲಾಗುತ್ತದೆ ಎಂದು ಅವರಿಗೆ ಗೊತ್ತು.

(ಪರದೆಯ ಮೇಲೆ: ಹೂವಿನ ಅಂಗಡಿ ಮುಂದೆ ಸ್ಕೆಚ್ ಮಾಡುತ್ತಿರುವ ವಿದ್ಯಾರ್ಥಿಗಳು)

ಇಷ್ಟು ಆದ ಮೇಲೆ ಮಕ್ಕಳನ್ನು ಹೊರಗೆ ಕಳಿಸಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಗೆ, ಬಸ್ ನಿಲ್ದಾಣಕ್ಕೆ. ಹೂ ಕಟ್ಟುವ ಕೈ ನಿಲ್ಲುವುದಿಲ್ಲ, ತೂಕ ಹಾಕುವವರು ಪೋಸ್ ಕೊಡುವುದಿಲ್ಲ. ಅರ್ಧ ನಿಮಿಷದಲ್ಲಿ ಬಾಗಿದ ಬೆನ್ನನ್ನು ಒಂದು ಗೆರೆಯಲ್ಲಿ ಹಿಡಿಯಬೇಕು. ಉಡುಪಿ ಕಡೆಯ ಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಕೆಲವೇ ಗೆರೆಗಳಲ್ಲಿ ಬರೆದ ನರ್ತಕರ ಚಿತ್ರ ಸಿಕ್ಕರೆ ಬಹಳ ಹೊತ್ತು ನೋಡಿ. ಒಂದು ಗೆರೆ ತೆಗೆದರೂ ಕುಣಿತ ನಿಂತುಹೋಗುತ್ತದೆ ಅನ್ನಿಸುತ್ತದೆ ನನಗೆ.

ಈ ವಾರದ ಕೆಲಸ: ಮನೆಯ ಕುರ್ಚಿಯನ್ನು ತಲೆಕೆಳಗಾಗಿ ಮೇಜಿನ ಮೇಲೆ ಇಡಿ. ದಿನಕ್ಕೊಂದರಂತೆ ಐದು ಹಾಳೆ, ಸಂದು ಮಾತ್ರ. ರಬ್ಬರ್ ಬೇಡ, ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಹಾಕಿ. ಐದನೆಯ ದಿನ ಎಲ್ಲವನ್ನೂ ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಯಾವ ಸಂದಿನಿಂದ ಶುರು ಮಾಡಿದಿರಿ ಎಂದು ನನಗೆ ಬರೆದು ತಿಳಿಸಿ.