ಬೆಳಿಗ್ಗೆ ಆನ್ ಆಗಲ್ಲ, ಮಧ್ಯಾಹ್ನ ಆಗುತ್ತೆ! ಹಳೇ ಕಂಪ್ಯೂಟರ್‌ಗೂ ಚಳಿ ಆಗುತ್ತಾ?

[ಅರ್ಧ ಬಾಗಿಲು ತೆಗೆದ ಅಂಗಡಿ. ಬಟನ್ ಒತ್ತಿದ ಟಿಕ್ ಸದ್ದು, ಫ್ಯಾನ್ ಗುಂಯ್ ಅಂತ ತಿರುಗಿ ನಿಲ್ಲುತ್ತೆ. ಮತ್ತೆ ಟಿಕ್.]

ಕೇಳಿಸ್ತಾ? ಇದು ಮೂರನೇ ಸಲ. ಇನ್ನೊಂದ್ ನಾಲ್ಕು ಸಲ ಒತ್ತಬೇಕು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ವಿಂಡೋಸ್ ಎಕ್ಸ್‌ಪಿ ಬರುತ್ತೆ, ಸಂಜೆ ತನಕ ಒಂದ್ ಸಲಾನೂ ಕೈ ಕೊಡಲ್ಲ, ನಡುವೆ ಆಫ್ ಮಾಡಿ ಆನ್ ಮಾಡಿದ್ರೂ ಒಂದೇ ಏಟಿಗೆ ಬರುತ್ತೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಪೂಜೆ.

ಇದು ಸಾಗರದಲ್ಲಿರೋ ನಮ್ಮ ಚಿಕ್ಕಪ್ಪನ ಡಿಟಿಪಿ ಅಂಗಡಿ. ಕಂಪ್ಯೂಟರ್ 2009ರದ್ದು. ಹೊಸದು ತಗೊಳ್ಳಿ ಅಂತ ಕಾಮೆಂಟ್ ಹಾಕೋಕ್ ಮುಂಚೆ ಒಂದ್ ಮಾತು, ಇದರಲ್ಲಿ ಹದಿನೈದು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಹಳೇ ನುಡಿ ಫಾಂಟಲ್ಲಿ ಇದೆ. ಈಗ ಎಲ್ಲ ಕಡೆ ನಡೆಯೋ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಬಹುದು, ಆದ್ರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತ್ಕೊಂಡು ವರನ ಹೆಸರೇ ಬದಲಾದ್ರೆ ಬೈಸ್ಕೊಳ್ಳೋದು ಯಾರು? ಜೊತೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬೇರೆ, ಅದರ ಅಗಲದ ಪ್ಯಾರಲಲ್ ಪೋರ್ಟು ಈಗಿನ ಬೋರ್ಡ್‌ಗಳಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ಹಾಗಾಗಿ ಇದನ್ನೇ ಬದುಕಿಸ್ಬೇಕು.

ಆದ್ರೆ ನಾನು ಈ ವಿಡಿಯೋ ಮಾಡ್ತಿರೋದಕ್ಕೆ ನಿಜವಾದ ಕಾರಣ ಇದು.

[ಕ್ಯಾಬಿನೆಟ್ ಪಕ್ಕ ಉರಿಯುತ್ತಿರುವ ಹಳದಿ ಬಲ್ಬ್]

ನೂರು ವ್ಯಾಟ್ ಬಲ್ಬು! ಕೋಳಿಮರಿಗೆ ಶಾಖ ಕೊಡೋಕೆ ಬಲ್ಬ್ ನೇತು ಹಾಕ್ತಾರಲ್ಲ, ಹಾಗೆ. ಚಿಕ್ಕಪ್ಪ ಬಾಗಿಲು ತೆಗೆದ ತಕ್ಷಣ ಇದನ್ನ ಹಚ್ಚಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಕಾಲು ಗಂಟೆ ಬಿಟ್ಟು ಬಟನ್ ಒತ್ತಿದ್ರೆ ಮೊದಲನೇ ಏಟಿಗೇ ಆನ್. ಇವತ್ತು ನಿಮಗೆ ತೋರಿಸ್ಬೇಕು ಅಂತ ಬಲ್ಬ್ ಹಚ್ಚದೆ ಏಳು ಸಲ ಒತ್ತಿಸಿದ್ದು, ಅದಕ್ಕೆ ಬೈಸ್ಕೊಂಡೂ ಆಯ್ತು. ನಾನು ಮೊದಲು ನೋಡಿ ಬಿದ್ದು ಬಿದ್ದು ನಕ್ಕಿದ್ದೆ. "ನಗು ಮಾರಾಯ, ನಗು. ಕೆಲ್ಸ ಆಗ್ತದಲ, ನಿಂಗೆ ಬೇರೆ ಗೊತ್ತಿದ್ರೆ ಹೇಳು" ಅಂದ್ರು. ರಿಪೇರಿಗೆ ಬಂದವನು ಮದರ್‌ಬೋರ್ಡ್ ಹೋಗಿದೆ, ಎಸೀರಿ ಅಂದಿದ್ನಂತೆ. ಅವನಿಗಿಂತ ಆ ಬಲ್ಬೇ ಹತ್ತಿರದ ಉತ್ತರ ಹೇಳಿತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು.

ಬೇಸಿಕ್ಸ್ ಬೇಗ ಮುಗಿಸ್ತೀನಿ. ವೈರ್ ಸಡಿಲ ಇದ್ಯಾ, ಯುಪಿಎಸ್ ಬದಲು ನೇರ ಗೋಡೆ ಸಾಕೆಟ್‌ಗೆ ಹಾಕಿದ್ರೆ ಏನಾಗುತ್ತೆ, ರ‍್ಯಾಮ್ ತೆಗೆದು ಆ ಚಿನ್ನದ ಬಣ್ಣದ ಕಾಲುಗಳನ್ನ ಎರೇಸರ್‌ನಲ್ಲಿ ಉಜ್ಜಿ ಮತ್ತೆ ಒತ್ತಿ ಕೂರ್ಸೋದು. ಇದೆಲ್ಲ ಮಾಡಿದ್ದಾಯ್ತು, ಏನೂ ಬದಲಾಗ್ಲಿಲ್ಲ.

ಈಗ ಬಟನ್‌ಗೆ ಬರೋಣ. ನಾವು ಒತ್ತೋ ಬಟನ್ ಲೈಟ್ ಸ್ವಿಚ್ ಥರ ಕರೆಂಟ್ ಬಿಡಲ್ಲ, ಅದು ಬರೀ ಕಾಲಿಂಗ್ ಬೆಲ್. ಕ್ಯಾಬಿನೆಟ್ ಒಳಗೆ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ವೋಲ್ಟಿಗೆ ಬದಲಿಸೋ ಪವರ್ ಡಬ್ಬಿ ಇದೆ, ಅದೇ ಎಸ್‌ಎಂಪಿಎಸ್. ಪ್ಲಗ್ ಹಾಕಿದ್ದಷ್ಟು ಹೊತ್ತೂ ಎಸ್‌ಎಂಪಿಎಸ್‌ನ ನೇರಳೆ ವೈರಲ್ಲಿ 5 ವೋಲ್ಟ್ ಇದ್ದೇ ಇರುತ್ತೆ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ವೈರನ್ನ ಗ್ರೌಂಡ್‌ಗೆ ಎಳೆಯುತ್ತೆ, ಆಗ ಎಸ್‌ಎಂಪಿಎಸ್ ಎದ್ದು 12, 5, 3.3 ವೋಲ್ಟ್ ಎಲ್ಲಾ ಕೊಡೋಕೆ ಶುರು ಮಾಡುತ್ತೆ, ಎಲ್ಲಾ ಸರಿ ಇದೆ ಅನ್ನಿಸಿದ್ರೆ 100ರಿಂದ 500 ಮಿಲಿಸೆಕೆಂಡ್ ಬಿಟ್ಟು ಬೂದು ವೈರಲ್ಲಿ 'ಪವರ್ ಗುಡ್' ಅಂತ ಸಿಗ್ನಲ್ ಕಳಿಸುತ್ತೆ. ಆ ಸಿಗ್ನಲ್ ಬರೋ ತನಕ ಪ್ರೊಸೆಸರ್ ರೀಸೆಟ್‌ನಲ್ಲೇ ಕೂತಿರುತ್ತೆ, ಅಂದ್ರೆ ಕೆಲಸ ಶುರುನೇ ಮಾಡಲ್ಲ. ಫ್ಯಾನ್ ಒಂದು ಸುತ್ತು ಹಾಕಿ ನಿಲ್ತಲ್ಲ, ಅಲ್ಲಿ ವಿಂಡೋಸೂ ಇಲ್ಲ ವೈರಸ್ಸೂ ಇಲ್ಲ, ಹಾರ್ಡ್ ಡಿಸ್ಕ್ ಪಾಪ ಕಣ್ಣೇ ಬಿಟ್ಟಿಲ್ಲ. ಆದ್ರೂ ಜನ ಫಾರ್ಮ್ಯಾಟ್ ಮಾಡ್ಸಿ ದುಡ್ಡು ಕೊಟ್ಟು ಬರ್ತಾರೆ, ಅದೊಂದು ನನಗೆ ಉರಿಯೋ ವಿಷ್ಯ.

ಹಾಗಾದ್ರೆ ಚಳಿಗೂ ಇದಕ್ಕೂ ಏನ್ ಸಂಬಂಧ? ಕೆಪಾಸಿಟರ್. ಬೋರ್ಡ್ ಮೇಲೆ ಪುಟ್ಟ ಡಬ್ಬಿ ಥರ ನಿಂತಿರ್ತಾವಲ್ಲ, ಅವು. ಕರೆಂಟಿನ ಪಾಲಿಗೆ ಮನೆ ಮೇಲಿನ ನೀರಿನ ಟ್ಯಾಂಕ್ ಅನ್ಕೊಳ್ಳಿ, ಮೋಟರ್ ಬಿಟ್ಟು ಬಿಟ್ಟು ನೀರು ಹತ್ತಿಸಿದ್ರೂ ಕೆಳಗಿನ ನಲ್ಲಿಯಲ್ಲಿ ಒಂದೇ ಸಮ ಬರ್ಬೇಕು. ವಯಸ್ಸಾದ ಕೆಪಾಸಿಟರ್‌ನಲ್ಲಿ ಟ್ಯಾಂಕ್‌ಗಿಂತ ಮೊದಲು ಪೈಪ್ ಕಟ್ಟಿಕೊಳ್ಳುತ್ತೆ, ಅಂದ್ರೆ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತೆ, ಇದಕ್ಕೆ ಇಎಸ್ಆರ್ ಅಂತಾರೆ. ಅದು ಮಿತಿ ಮೀರಿದ್ರೆ ವೋಲ್ಟ್ ಒಂದೇ ಸಮ ನಿಲ್ಲದೆ ನಡುಗುತ್ತೆ, ಕಂಪ್ಯೂಟರ್ ಏಳಲ್ಲ.

ಈಗ ಬಾತ್‌ರೂಮಲ್ಲಿರೋ ಕೊಬ್ಬರಿ ಎಣ್ಣೆ ಬಾಟ್ಲಿ ನೆನಪಿಸ್ಕೊಳ್ಳಿ. ಡಿಸೆಂಬರ್ ಬೆಳಿಗ್ಗೆ ಎಷ್ಟು ಹಿಂಡಿದ್ರೂ ಒಂದು ಹನಿ ಬರಲ್ಲ, ಬಾಟ್ಲಿ ತುಂಬಾ ಎಣ್ಣೆ ಇದೆ, ಆದ್ರೆ ಬರಲ್ಲ. ಅದನ್ನೇ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ರೆ ಅಥವಾ ಸ್ನಾನದ ಬಿಸಿನೀರಲ್ಲಿ ಮುಳುಗಿಸಿದ್ರೆ ಸರಾಗ. ಕೆಪಾಸಿಟರ್ ಒಳಗೂ ದ್ರವ ಇದೆ, ಎಲೆಕ್ಟ್ರೋಲೈಟ್. ಅದೇನು ನಮ್ಮ ಚಳಿಗೆ ಗಟ್ಟಿಯಾಗಲ್ಲ, ಆದ್ರೆ ತಣ್ಣಗಾದಷ್ಟೂ ಅದರೊಳಗೆ ಕರೆಂಟ್ ಹರಿಯೋದು ಕಷ್ಟ ಆಗುತ್ತೆ, ಅಂದ್ರೆ ಇಎಸ್ಆರ್ ಏರುತ್ತೆ. ಹೊಸದಾಗಿದ್ದಾಗ ಈ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ, ಮುದಿಯಾಗಿ ಅರ್ಧ ಒಣಗಿದ ಕೆಪಾಸಿಟರ್‌ಗೆ ಕೈ ಎತ್ತೋಕೆ ಅಷ್ಟೇ ಸಾಕು. ಒಂದ್ ಸಲ ಹೇಗೋ ಎದ್ದು ಬಿಟ್ರೆ ಒಳಗೆ ಹರಿಯೋ ಕರೆಂಟಿಗೇ ಬಿಸಿಯಾಗಿ ಸಂಜೆ ತನಕ ಆರಾಮ. ಪದೇ ಪದೇ ಒತ್ತಿದಾಗ ಆಗೋದೂ ಇಷ್ಟೇ, ಪ್ರತಿ ಏಟಿಗೂ ಒಂಚೂರು ಶಾಖ. ಚಿಕ್ಕಪ್ಪ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತಿದ್ರು, ಹಾಗಾಗಿ ಸ್ಟ್ಯಾಂಡ್‌ಬೈನಲ್ಲಿ ಸಿಗೋ ಸಣ್ಣ ಬೆಚ್ಚಗೂ ಇಲ್ದೆ ಪಾಪ ಬೆಳಗಾಗೋ ಹೊತ್ತಿಗೆ ಮಂಜಿನಲ್ಲಿ ನೆನೆದ ಕಟ್ಟಿಗೆ ಥರ ಆಗಿರ್ತಿತ್ತು.

ಲೆಕ್ಕ ನೋಡಿ, ಮಜಾ ಇದೆ. ಸಾಧಾರಣ ಕೆಪಾಸಿಟರ್ ಮೇಲೆ 105 ಡಿಗ್ರಿ ಅಂತ ಬರೆದಿರುತ್ತೆ, ಆ ಬಿಸಿಯಲ್ಲಿ ಆಯಸ್ಸು 2000 ಗಂಟೆ. ಅಂದ್ರೆ ಮೂರು ತಿಂಗಳೂ ಇಲ್ಲ! ಆದ್ರೆ ಪ್ರತಿ 10 ಡಿಗ್ರಿ ಕಮ್ಮಿಯಾದಾಗ ಆಯಸ್ಸು ಹೆಚ್ಚುಕಮ್ಮಿ ಡಬಲ್. 65 ಡಿಗ್ರಿಯಲ್ಲಿ ಓಡಿದ್ರೆ ನಾಲ್ಕು ಸಲ ಡಬಲ್ ಆಗಿ 32,000 ಗಂಟೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂಗಡಿ ಅಂದ್ರೆ ಹದಿಮೂರು ವರ್ಷ ಚಿಲ್ಲರೆ. 2009ಕ್ಕೆ ಹದಿಮೂರು ಸೇರಿಸಿ. ಮಾಡಿದವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಹೇಳಿದಷ್ಟು ಬದುಕಿದೆ.

ಹದಿಮೂರು ವರ್ಷ ಕಾಯದೆ ಸತ್ತವೂ ಇದ್ವು. 2000ದ ದಶಕದ ಮೊದಲ ಕೆಲವು ವರ್ಷಗಳಲ್ಲಿ ತೈವಾನ್‌ನ ಕೆಲವು ಕಡೆ ತಯಾರಾದ ಕೆಪಾಸಿಟರ್‌ಗಳ ಎಲೆಕ್ಟ್ರೋಲೈಟೇ ಸರಿ ಇರ್ಲಿಲ್ಲ, ಅದರಲ್ಲಿದ್ದ ನೀರು ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಗ್ಯಾಸ್ ಆಗಿ ಡಬ್ಬಿ ಪೂರಿ ಥರ ಉಬ್ಬೋದು. ಕದ್ದ ಫಾರ್ಮುಲಾ, ಅದೂ ಅರ್ಧಂಬರ್ಧ ಕದ್ದಿದ್ದು ಅಂತ ಒಂದು ಕಥೆ ಆಗ ಓಡಾಡ್ತಿತ್ತು, ಸಾಬೀತೇನೂ ಆಗ್ಲಿಲ್ಲ. ಕೆಟ್ಟ ಕೆಪಾಸಿಟರ್‌ಗಳ ದೆಸೆಯಿಂದ ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ಲೆಕ್ಕದಲ್ಲಿ ತೆಗೆದಿಡ್ಬೇಕಾಯ್ತು. ಕೆಪಾಸಿಟರ್ ತಲೆ ಮೇಲೆ ಪ್ಲಸ್ ಥರ ಗೀರು ಇರುತ್ತೆ ನೋಡಿ, ಅದು ಡಿಸೈನ್ ಅಲ್ಲ, ಗ್ಯಾಸ್ ತುಂಬಿದ್ರೆ ಪಟಾಕಿ ಆಗದೆ ಅಲ್ಲೇ ಬಿರಿಯಲಿ ಅಂತ.

[ಎಡಿಟರ್ ಕೈ ಸನ್ನೆ: ಟೈಮ್!]

ಸರಿ ಸರಿ. ಟೆಸ್ಟ್ ಹೇಗೆ? ಪ್ಲಗ್ ಕಿತ್ತು, ಕ್ಯಾಬಿನೆಟ್ ತೆಗೆದು, ಹೇರ್ ಡ್ರೈಯರ್ ಕಮ್ಮಿ ಬಿಸಿಯಲ್ಲಿಟ್ಟು ಮೊದಲು ಎಸ್‌ಎಂಪಿಎಸ್ ಮಾತ್ರ ಎರಡು ನಿಮಿಷ ಬೆಚ್ಚಗೆ ಮಾಡಿ, ಮತ್ತೆ ಪ್ಲಗ್ ಹಾಕಿ ಆನ್ ಮಾಡಿ, ಇನ್ನೊಂದು ದಿನ ಬೆಳಿಗ್ಗೆ ಮದರ್‌ಬೋರ್ಡ್ ಮಾತ್ರ. ಯಾವುದಕ್ಕೆ ಬಗ್ಗುತ್ತೋ ಅದೇ ಕಳ್ಳ. ಮಲ್ಟಿಮೀಟರಲ್ಲಿ 12 ವೋಲ್ಟ್ ಲೈನು 11.4ರಿಂದ 12.6ರೊಳಗೆ ಇರ್ಬೇಕು, ಆದ್ರೆ ಅದನ್ನ ಪೂರ್ತಿ ನಂಬ್ಬೇಡಿ, ಅದು ಸರಾಸರಿ ತೋರಿಸುತ್ತೆ, ಅದರ ಮೇಲಿನ ಸಣ್ಣ ನಡುಕ ತೋರಿಸಲ್ಲ. ಮತ್ತೆ ಎಸ್‌ಎಂಪಿಎಸ್ ಡಬ್ಬಿ ಮಾತ್ರ ದಯವಿಟ್ಟು ಬಿಚ್ಚಬೇಡಿ. ನಮ್ಮ 230 ವೋಲ್ಟ್ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತೆ. ಪಕ್ಕದವರ ಹತ್ರ ಚೆನ್ನಾಗಿರೋ ಎಸ್‌ಎಂಪಿಎಸ್ ಇಸ್ಕೊಂಡು ಹಾಕಿ ನೋಡಿ.

ಚಿಕ್ಕಪ್ಪನ ಕೇಸಲ್ಲಿ ಎಸ್‌ಎಂಪಿಎಸ್ ಬದಲಾಯಿಸಿದ್ಮೇಲೆ ಏಳು ಏಟು ಎರಡಕ್ಕೆ ಇಳೀತು. ಉಳಿದ ಎರಡಕ್ಕೆ ಕಾರಣ ಮದರ್‌ಬೋರ್ಡ್ ಮೇಲಿತ್ತು, ಪ್ರೊಸೆಸರ್ ಪಕ್ಕ ಮೂರು ಕೆಪಾಸಿಟರ್ ತಲೆ ಸ್ವಲ್ಪ ಉಬ್ಬಿದ್ವು, ಬೆರಳಲ್ಲಿ ಸವರಿದ್ರೆ ಗೊತ್ತಾಗೋ ಅಷ್ಟು. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಅದೇ ಮೈಕ್ರೋಫ್ಯಾರಡ್ (ಟ್ಯಾಂಕಿನ ಅಳತೆ ಅನ್ಕೊಳ್ಳಿ), ಅದೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿ, ಲೋ ಇಎಸ್ಆರ್ ಅಂತ ಕೇಳಿ ತಗೊಂಡೆ. ಕೆಪಾಸಿಟರ್ ಮೇಲಿನ ಪಟ್ಟೆ ಮೈನಸ್ ಕಡೆ. ಬೋರ್ಡ್ ಮೇಲಿನ ಗುರುತು ಕೆಲವದರಲ್ಲಿ ಉಲ್ಟಾ ಇರುತ್ತೆ, ಅದಕ್ಕೆ ಹಳೇದು ಕೀಳೋ ಮೊದಲು ಫೋಟೋ ತೆಗೀರಿ. ನಾನು ಒಂದಕ್ಕೆ ತೆಗೀಲಿಲ್ಲ, ಅರ್ಧ ದಿನ ಹೋಯ್ತು.

ಉಳಿದಿದ್ದೆಲ್ಲ ಒಟ್ಟಿಗೇ ಹೇಳ್ಬಿಡ್ತೀನಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ್ಮೇಲೆ ಆಫ್ ಆದ್ರೆ ಇದು ನಿಮ್ಮ ವಿಡಿಯೋ ಅಲ್ಲ, ಹೀಟ್ ಸಿಂಕ್‌ನ ಧೂಳು ತೆಗೆದು ಥರ್ಮಲ್ ಪೇಸ್ಟ್ ಹಾಕಿ. ಲೋಗೋ ಬಂದು ನಿಂತ್ರೆ ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ನೋಡಿ, ಟಕ್ ಟಕ್ ಸದ್ದು ಬಂದ್ರೆ ಮೊದಲು ಬ್ಯಾಕಪ್, ಮಿಕ್ಕಿದ್ದು ಆಮೇಲೆ. ದಿನಾ ಬೆಳಿಗ್ಗೆ ತಾರೀಕು ಹಿಂದಕ್ಕೆ ಹೋಗ್ತಿದ್ರೆ ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಹಾಕ್ಸಿ, ಸಿಆರ್2032 ಅಂತ ಕೇಳಿ. ತಾರೀಕು ತಪ್ಪಿದ್ರೆ ವೆಬ್‌ಸೈಟೂ ತೆಗೆಯಲ್ಲ, ಸೈಟಿನ ಸುರಕ್ಷತಾ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತೆ. ಚಿಕ್ಕಪ್ಪ ಅದಕ್ಕೆ ನೆಟ್ ಪ್ಯಾಕ್ ಮುಗ್ದಿದೆ ಅನ್ಕೊಂಡು ಎರಡು ಸಲ ರೀಚಾರ್ಜ್ ಮಾಡ್ಸಿದ್ರು.