ಎಷ್ಟು ಜನರಲ್ಲಿ ಎಷ್ಟು ಮಂದಿಗೆ?: ಆರೋಗ್ಯದ ಅಂಕಿಅಂಶಗಳನ್ನು ಓದುವ ಬಗೆ

ಮಾನ್ಯ ಕೇಳುಗರೆ, ನಮಸ್ಕಾರ.

1995ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಅಲ್ಲಿನ ವೈದ್ಯರಿಗೆ ಒಂದು ತುರ್ತು ಎಚ್ಚರಿಕೆಯನ್ನು ಕಳುಹಿಸಿತು. ಆಗ ಬಳಕೆಯಲ್ಲಿದ್ದ ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು, ಹಳೆಯ ಮಾತ್ರೆಗಳಿಗೆ ಹೋಲಿಸಿದರೆ, ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಅದರ ತಿರುಳು. ಅಪಾಯ ಶೇಕಡಾ 100ರಷ್ಟು ಹೆಚ್ಚುತ್ತದೆ ಎಂಬ ರೂಪದಲ್ಲಿ ಸುದ್ದಿ ಮನೆಮನೆಗೂ ತಲುಪಿತು. ಗಾಬರಿಗೊಂಡ ಅನೇಕ ಮಹಿಳೆಯರು ಮಾತ್ರೆಯನ್ನು ನಿಲ್ಲಿಸಿಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವೆಂದು ಆಮೇಲೆ ಅಂದಾಜು ಮಾಡಲಾಯಿತು. ಎಚ್ಚರಿಕೆಗೆ ಆಧಾರವಾಗಿದ್ದ ಲೆಕ್ಕವಾದರೂ ಏನು? ಹಳೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತಿತ್ತು. ಹೊಸ ಮಾತ್ರೆಯಲ್ಲಿ ಅದು 7,000ಕ್ಕೆ ಇಬ್ಬರಾಗಿತ್ತು. ಒಂದು ಎರಡಾದರೆ ಶೇಕಡಾ 100ರಷ್ಟು ಏರಿಕೆ ಎಂಬುದು ಸುಳ್ಳಲ್ಲ. ಆದರೆ ಮಾತ್ರೆ ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದ ಮಹಿಳೆಗೆ ಬೇಕಾಗಿದ್ದದ್ದು ಆ 7,000 ಎಂಬ ಸಂಖ್ಯೆ. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವು ಈ ಎರಡೂ ಬಗೆಯ ಮಾತ್ರೆಗಳಿಗಿಂತ ಹೆಚ್ಚು ಎಂಬುದನ್ನು ನೆನೆದಾಗ ಈ ಪ್ರಕರಣ ಇನ್ನಷ್ಟು ನೋವು ತರುತ್ತದೆ.

ಆರೋಗ್ಯ ವಿಜ್ಞಾನದ ಅಂಕಿಅಂಶಗಳನ್ನು ಅರ್ಥಮಾಡಿಕೊಳ್ಳಲು ಹೊರಟವರು ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ ಇದೇ ಎಂದು ನಾನು ನಂಬಿದ್ದೇನೆ. ಶೇಕಡಾ ಇಷ್ಟು ಎಂದು ಯಾರೇ ಹೇಳಲಿ, ಎಷ್ಟು ಜನರಲ್ಲಿ, ಎಷ್ಟು ಮಂದಿಗೆ, ಎಷ್ಟು ಕಾಲದಲ್ಲಿ, ಯಾರಿಗೆ ಹೋಲಿಸಿ ಎಂದು ಕೇಳಬೇಕು. ಇದಕ್ಕೆ ದೊಡ್ಡ ಗಣಿತವೇನೂ ಬೇಕಿಲ್ಲ, ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು. ಎರಡು ಗುಂಪುಗಳ ನಡುವಣ ಅನುಪಾತವನ್ನು ಸಾಪೇಕ್ಷ ಅಪಾಯ ಎನ್ನುತ್ತಾರೆ. ಎಷ್ಟು ಮಂದಿ ಹೆಚ್ಚು ಅಥವಾ ಕಡಿಮೆ ಎಂಬ ನೇರ ವ್ಯತ್ಯಾಸವು ನಿರಪೇಕ್ಷ ಅಪಾಯದ ವ್ಯತ್ಯಾಸ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ಮುಟ್ಟು ನಿಂತ ನಂತರದ ಹಾರ್ಮೋನ್ ಚಿಕಿತ್ಸೆಯ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾದಾಗ, ಸ್ತನ ಕ್ಯಾನ್ಸರಿನ ಅಪಾಯ ಶೇಕಡಾ 26ರಷ್ಟು ಹೆಚ್ಚು ಎಂಬ ಮಾತೇ ಎಲ್ಲರ ಕಿವಿಗೆ ಬಿತ್ತು. ಅದೇ ಫಲಿತಾಂಶವನ್ನು ಜನರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ವರ್ಷದಲ್ಲಿ ಚಿಕಿತ್ಸೆ ಪಡೆಯದ 10,000 ಮಹಿಳೆಯರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಪಡೆದವರಲ್ಲಿ 38 ಮಂದಿಗೆ ಬಂತು. ಜೊತೆಗೆ ಚಿಕಿತ್ಸೆ ಪಡೆದ 10,000 ಮಂದಿಯಲ್ಲಿ ಪಾರ್ಶ್ವವಾಯು ಎಂಟು ಮಂದಿಗೆ ಹೆಚ್ಚಾಗಿ ಬಂತು, ಸೊಂಟದ ಮೂಳೆಮುರಿತ ಐದು ಮಂದಿಗೆ ಕಡಿಮೆಯಾಯಿತು. ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದ್ದು ಸರಿಯಾದ ತೀರ್ಮಾನವೇ, ಏಕೆಂದರೆ ಲಕ್ಷಾಂತರ ಮಂದಿ ವರ್ಷಗಟ್ಟಲೆ ಸೇವಿಸುವ ಔಷಧದಲ್ಲಿ ಹತ್ತು ಸಾವಿರಕ್ಕೆ ಎಂಟು ಎಂಬುದು ಕಡಿಮೆಯಲ್ಲ. ಆದರೆ ಒಬ್ಬ ಮಹಿಳೆ ತನ್ನ ವೈದ್ಯರ ಮುಂದೆ ಕುಳಿತು ನಿರ್ಧಾರ ಮಾಡುವಾಗ ಈ ಎಲ್ಲ ಸಂಖ್ಯೆಗಳೂ ಒಂದೇ ಅಳತೆಯಲ್ಲಿ ಅವಳ ಮುಂದಿರಬೇಕು. ಲಾಭವನ್ನು ಶೇಕಡಾವಾರಿನಲ್ಲಿ ಹಿಗ್ಗಿಸಿ ಹೇಳಿ, ಹಾನಿಯನ್ನು ಹತ್ತು ಸಾವಿರಕ್ಕೆ ಇಷ್ಟು ಎಂದು ಕುಗ್ಗಿಸಿ ಹೇಳುವ ಕರಪತ್ರಗಳನ್ನು ನಾನು ಕಂಡಿದ್ದೇನೆ. ಅದು ರೋಗಿಗೆ ಮಾಡುವ ಅನ್ಯಾಯ.

ಈಗ ರೋಗಪರೀಕ್ಷೆಗಳ ವಿಚಾರಕ್ಕೆ ಬರುತ್ತೇನೆ. ಇಲ್ಲಿ ತುಸು ನಿಧಾನವಾಗಿ ಸಾಗೋಣ. ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಂಡರೆ ಒಳ್ಳೆಯದು. ಒಂದು ಪರೀಕ್ಷೆ ಇದೆ ಎಂದುಕೊಳ್ಳಿ. ರೋಗವಿರುವ 100 ಮಂದಿಯಲ್ಲಿ 95 ಮಂದಿಯನ್ನು ಅದು ಸರಿಯಾಗಿ ಗುರುತಿಸುತ್ತದೆ. ರೋಗವಿಲ್ಲದ 100 ಮಂದಿಯಲ್ಲಿ 95 ಮಂದಿಗೆ ರೋಗವಿಲ್ಲವೆಂದು ಸರಿಯಾಗಿ ಹೇಳುತ್ತದೆ. ಈ ಪರೀಕ್ಷೆಯಲ್ಲಿ ಒಬ್ಬರ ಫಲಿತಾಂಶ ಪಾಸಿಟಿವ್ ಎಂದು ಬಂದರೆ, ಅವರಿಗೆ ನಿಜವಾಗಿ ರೋಗವಿರುವ ಸಾಧ್ಯತೆ ಎಷ್ಟು? ಶೇಕಡಾ 95 ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಆ ಉತ್ತರ ತಪ್ಪು. ರೋಗ ಆ ಜನಸಮೂಹದಲ್ಲಿ ಎಷ್ಟು ಮಂದಿಗೆ ಇದೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. 10,000 ಮಂದಿಯನ್ನು ಪರೀಕ್ಷಿಸುತ್ತೇವೆ, ಅವರಲ್ಲಿ ನೂರಕ್ಕೆ ಒಬ್ಬರಂತೆ 100 ಮಂದಿಗೆ ರೋಗವಿದೆ ಎನ್ನೋಣ. ಆ 100 ಮಂದಿಯಲ್ಲಿ 95 ಮಂದಿಗೆ ಪಾಸಿಟಿವ್ ಬರುತ್ತದೆ. ಉಳಿದ 9,900 ಮಂದಿ ಆರೋಗ್ಯವಂತರು. ಅವರಲ್ಲಿ ನೂರಕ್ಕೆ ಐವರಂತೆ 495 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. 95 ಮತ್ತು 495 ಕೂಡಿದರೆ 590. ಅಂದರೆ ಪಾಸಿಟಿವ್ ಬಂದ 590 ಮಂದಿಯಲ್ಲಿ ರೋಗವಿರುವವರು 95 ಮಂದಿ ಮಾತ್ರ, ಸುಮಾರು ಆರು ಮಂದಿಗೆ ಒಬ್ಬರು. ಅದೇ ಪರೀಕ್ಷೆಯನ್ನು, ರೋಗಲಕ್ಷಣಗಳಿದ್ದು ಆಸ್ಪತ್ರೆಗೆ ಬಂದ, ನೂರಕ್ಕೆ 30 ಮಂದಿಗೆ ರೋಗವಿರುವ ಗುಂಪಿನಲ್ಲಿ ಮಾಡಿ ನೋಡಿ. 10,000 ಮಂದಿಯಲ್ಲಿ ರೋಗವಿರುವ 3,000 ಮಂದಿಯ ಪೈಕಿ 2,850 ಮಂದಿಗೆ ಪಾಸಿಟಿವ್. ರೋಗವಿಲ್ಲದ 7,000 ಮಂದಿಯ ಪೈಕಿ 350 ಮಂದಿಗೆ ಪಾಸಿಟಿವ್. ಒಟ್ಟು 3,200ರಲ್ಲಿ 2,850, ಅಂದರೆ ಶೇಕಡಾ 89. ಪರೀಕ್ಷೆ ಬದಲಾಗಲಿಲ್ಲ, ಪ್ರಯೋಗಾಲಯವೂ ಬದಲಾಗಲಿಲ್ಲ. ಪರೀಕ್ಷೆಗೆ ಬಂದ ಜನ ಬದಲಾದರು, ಅದರೊಡನೆ ಫಲಿತಾಂಶದ ಅರ್ಥವೂ ಬದಲಾಯಿತು. ಯಾವ ಲಕ್ಷಣವೂ ಇಲ್ಲದವರಿಗೆ ಸಾಮೂಹಿಕ ತಪಾಸಣೆಯಲ್ಲಿ ಪಾಸಿಟಿವ್ ಬಂದಾಗ, ಎರಡನೆಯ ಪರೀಕ್ಷೆ ಮಾಡಿಸೋಣ ಎಂದು ವೈದ್ಯರು ಹೇಳುವುದಕ್ಕೆ ಈ ಲೆಕ್ಕವೇ ಕಾರಣ. ಹಾಗೆ ಹೇಳಿಸಿಕೊಂಡವರು ಆ ರಾತ್ರಿ ನಿದ್ದೆಗೆಡಬಾರದು ಎಂಬುದು ನನ್ನ ಆಸೆ.

ತಪಾಸಣೆಯ ಮಾತು ಬಂದುದರಿಂದ, ಐದು ವರ್ಷ ಬದುಕುಳಿಯುವವರ ಪ್ರಮಾಣ ಎಂಬ ಅಳತೆಯ ಬಗ್ಗೆಯೂ ಹೇಳಬೇಕು. ಒಬ್ಬರಿಗೆ 67ನೆಯ ವಯಸ್ಸಿನಲ್ಲಿ ಲಕ್ಷಣಗಳು ಕಾಣಿಸಿಕೊಂಡು ಕ್ಯಾನ್ಸರ್ ಪತ್ತೆಯಾಗಿ, 70ರಲ್ಲಿ ಅವರು ತೀರಿಕೊಂಡರೆ, ಲೆಕ್ಕದಲ್ಲಿ ಅವರು ಐದು ವರ್ಷ ಬದುಕಲಿಲ್ಲ. ಅದೇ ವ್ಯಕ್ತಿಗೆ ತಪಾಸಣೆಯಿಂದ 60ರಲ್ಲೇ ರೋಗ ಪತ್ತೆಯಾಗಿ, ಚಿಕಿತ್ಸೆ ಏನೂ ಫಲಿಸದೆ ಅದೇ 70ರಲ್ಲಿ ತೀರಿಕೊಂಡರೂ, ಅವರು ಬದುಕುಳಿದವರ ಪಟ್ಟಿಯಲ್ಲಿ ಸೇರುತ್ತಾರೆ. ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ. ರೋಗಿ ಎನಿಸಿಕೊಂಡು ಕಳೆದ ಕಾಲ ಮಾತ್ರ ಹೆಚ್ಚಿತು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಗ್ರಂಥಿಯ ತಪಾಸಣೆ ವ್ಯಾಪಕವಾದ ಮೇಲೆ, 2011ರಲ್ಲಿ ಆ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣವು 1993ರಲ್ಲಿದ್ದುದಕ್ಕಿಂತ 15 ಪಟ್ಟಾಗಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲಿಯೇ ಇತ್ತು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಡ್ಡೆಗಳಿಗಾಗಿ ಸಾವಿರಾರು ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ತಪಾಸಣೆಯಿಂದ ಪ್ರಾಣ ಉಳಿಯುವ ರೋಗಗಳೂ ಇವೆ. ಅದನ್ನು ತೋರಿಸಿಕೊಡಬೇಕಾದದ್ದು ಮರಣ ಪ್ರಮಾಣದ ಇಳಿಕೆ.

ಯಾರಿಗೆ ಹೋಲಿಸಿ ಎಂಬ ಪ್ರಶ್ನೆ ಇನ್ನೂ ಉಳಿದಿದೆ. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಪ್ರಯೋಗವನ್ನು ಪ್ರಕಟಿಸಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಯೋಜನೆಯಂತೆ, ಯಾವ ರೋಗಿಗೆ ಔಷಧ, ಯಾರಿಗೆ ಕೇವಲ ವಿಶ್ರಾಂತಿ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಯಾದೃಚ್ಛಿಕವಾಗಿ ಹಂಚಲಾಗಿತ್ತು. ಆರು ತಿಂಗಳಲ್ಲಿ, ಔಷಧ ಪಡೆದ 55 ಮಂದಿಯಲ್ಲಿ ನಾಲ್ವರು ತೀರಿಕೊಂಡರು. ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡರು. ಹಂಚಿಕೆ ಯಾರ ಇಚ್ಛೆಯನ್ನೂ ಅನುಸರಿಸದ ಕಾರಣ, ಈ ವ್ಯತ್ಯಾಸವು ಔಷಧದ್ದೇ ಎಂದು ಧೈರ್ಯವಾಗಿ ಹೇಳುವುದು ಸಾಧ್ಯವಾಯಿತು.

ಹಂಚಿಕೆ ಹಾಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ 1986ರಲ್ಲಿ ಪ್ರಕಟವಾದ ಮೂತ್ರಪಿಂಡದ ಕಲ್ಲುಗಳ ಅಧ್ಯಯನವು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುವ ಉದಾಹರಣೆ. ತೆರೆದ ಶಸ್ತ್ರಚಿಕಿತ್ಸೆಗೆ ಒಳಗಾದ 350 ಮಂದಿಯಲ್ಲಿ 273 ಮಂದಿಗೆ, ಅಂದರೆ ಶೇಕಡಾ 78 ಮಂದಿಗೆ ಗುಣವಾಯಿತು. ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಕಲ್ಲನ್ನು ತೆಗೆಯುವ ಹೊಸ ವಿಧಾನದಲ್ಲಿ 350ಕ್ಕೆ 289, ಅಂದರೆ ಶೇಕಡಾ 83. ಹೊಸದೇ ಮೇಲು ಎಂದು ಯಾರಾದರೂ ಹೇಳಿಯಾರು. ಈಗ ಕಲ್ಲಿನ ಗಾತ್ರವನ್ನು ನೋಡಿ ಬೇರೆ ಮಾಡೋಣ. ಸಣ್ಣ ಕಲ್ಲುಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಗೆ 87ರಲ್ಲಿ 81, ಶೇಕಡಾ 93. ಹೊಸ ವಿಧಾನಕ್ಕೆ 270ರಲ್ಲಿ 234, ಶೇಕಡಾ 87. ದೊಡ್ಡ ಕಲ್ಲುಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಗೆ 263ರಲ್ಲಿ 192, ಶೇಕಡಾ 73. ಹೊಸ ವಿಧಾನಕ್ಕೆ 80ರಲ್ಲಿ 55, ಶೇಕಡಾ 69. ಸಣ್ಣ ಕಲ್ಲಿನಲ್ಲೂ ಹಳೆಯದೇ ಮೇಲು, ದೊಡ್ಡ ಕಲ್ಲಿನಲ್ಲೂ ಹಳೆಯದೇ ಮೇಲು. ಎರಡನ್ನೂ ಕೂಡಿಸಿದರೆ ಹೊಸದು ಮೇಲು! ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಗುಣಪಡಿಸಲು ಕಷ್ಟವಾದ ದೊಡ್ಡ ಕಲ್ಲಿನವರು ಹೆಚ್ಚಾಗಿ ತೆರೆದ ಶಸ್ತ್ರಚಿಕಿತ್ಸೆಯ ಪಾಲಿಗೆ ಬಂದಿದ್ದರು, ಸುಲಭದ ಸಣ್ಣ ಕಲ್ಲಿನವರು ಹೊಸ ವಿಧಾನದ ಪಾಲಿಗೆ ಹೋಗಿದ್ದರು. ಕ್ಲಿಷ್ಟ ರೋಗಿಗಳು ಬಂದು ಸೇರುವ ದೊಡ್ಡ ಆಸ್ಪತ್ರೆಯ ಮರಣ ಪ್ರಮಾಣವನ್ನು ಸಣ್ಣ ಆಸ್ಪತ್ರೆಯದಕ್ಕೆ ಹೋಲಿಸಿ ತೀರ್ಪು ಕೊಡುವಾಗಲೂ ಇದೇ ತಪ್ಪು ನುಸುಳುತ್ತದೆ.

ಹೋಲಿಕೆಯಷ್ಟೇ ಮುಖ್ಯವಾದದ್ದು, ಏನನ್ನು ಅಳೆದರು ಎಂಬುದು. ಹೃದಯಾಘಾತವಾದವರಲ್ಲಿ ಹೃದಯದ ಬಡಿತ ಏರುಪೇರಾದರೆ ಸಾವಿನ ಅಪಾಯ ಹೆಚ್ಚು. ಬಡಿತವನ್ನು ಸರಿಪಡಿಸುವ ಔಷಧಗಳಿವೆ. ಆದ್ದರಿಂದ ಅವು ಪ್ರಾಣ ಉಳಿಸಬೇಕು ಎಂಬ ತರ್ಕವನ್ನು ನಂಬಿ ಅವುಗಳನ್ನು ಧಾರಾಳವಾಗಿ ಕೊಡಲಾಗುತ್ತಿತ್ತು. 1991ರಲ್ಲಿ ಪೂರ್ಣವಾಗಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಅಂಥ ಎರಡು ಔಷಧಗಳಲ್ಲಿ ಒಂದನ್ನು ಪಡೆದ 755 ಮಂದಿಯಲ್ಲಿ 63 ಮಂದಿ ತೀರಿಕೊಂಡರೆ, ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದ 743 ಮಂದಿಯಲ್ಲಿ ತೀರಿಕೊಂಡವರು 26 ಮಂದಿ. ಹೃದಯದ ಬಡಿತದ ದಾಖಲೆ ಸುಧಾರಿಸಿತ್ತು, ಪ್ರಾಣ ಹೋಗಿತ್ತು.

ಕೊನೆಯದಾಗಿ, ಪಿ-ಮೌಲ್ಯ. ಔಷಧದಿಂದ ಯಾವ ಪರಿಣಾಮವೂ ಇಲ್ಲವೆಂದೇ ಭಾವಿಸಿದರೆ, ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಔಷಧ ನಿಷ್ಪ್ರಯೋಜಕವಾಗಿರುವ ಸಂಭವ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಪರಿಣಾಮ ದೊಡ್ಡದೋ ಚಿಕ್ಕದೋ ಎಂಬುದನ್ನೂ ಹೇಳುವುದಿಲ್ಲ. ಪಿ-ಮೌಲ್ಯವು 0.05ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶವನ್ನು ಗಣನೀಯವೆಂದು ಒಪ್ಪುವ ಗಡಿಯು ಒಂದು ರೂಢಿ ಮಾತ್ರ, ಹಲವು ಬಾರಿ ಹುಡುಕಿದರೆ ಏನೂ ಇಲ್ಲದ ಕಡೆಯೂ ಆ ಗಡಿಯನ್ನು ದಾಟಿದ ಯಾವುದೋ ಒಂದು ಫಲಿತಾಂಶ ಸಿಕ್ಕೇ ಸಿಗುತ್ತದೆ. ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟವರು, ಹೃದಯಾಘಾತವಾದ 17,187 ರೋಗಿಗಳನ್ನೊಳಗೊಂಡು 1988ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದ ಸಂಶೋಧಕರು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಸತ್ತವರು ಆಸ್ಪಿರಿನ್ ಪಡೆದವರಲ್ಲಿ ಶೇಕಡಾ 9.4, ಪಡೆಯದವರಲ್ಲಿ ಶೇಕಡಾ 11.8; ನೂರು ಮಂದಿಗೆ ಚಿಕಿತ್ಸೆ ಕೊಟ್ಟರೆ ಎರಡು ಮೂರು ಜೀವಗಳು ಉಳಿಯುತ್ತವೆ ಎಂದರ್ಥ. ಬಿಡಿ ಬಿಡಿ ಗುಂಪುಗಳಲ್ಲಿ ಫಲಿತಾಂಶ ಹೇಗಿದೆ ಎಂದು ವಿಂಗಡಿಸಿ ತೋರಿಸಬೇಕೆಂಬ ಒತ್ತಾಯ ಎದುರಾದಾಗ, ಅವರು ರೋಗಿಗಳನ್ನು ಜನ್ಮರಾಶಿಗಳ ಪ್ರಕಾರವೂ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ತುಸು ಹಾನಿ, ಉಳಿದವರಿಗೆಲ್ಲ ಬಹಳ ಲಾಭ ಎಂಬ ಫಲಿತಾಂಶ ಬಂತು. ಅದನ್ನು ಅವರು ಪ್ರಬಂಧದಲ್ಲಿಯೇ ಅಚ್ಚು ಮಾಡಿಸಿದರು. ವಯಸ್ಸು, ಲಿಂಗ, ರಕ್ತದೊತ್ತಡಗಳ ಪ್ರಕಾರ ಮಾಡಿದ ವಿಂಗಡಣೆಗಳನ್ನು ಮುಂದಿಟ್ಟು ಇಂಥವರಿಗೆ ಔಷಧ ಕೆಲಸ ಮಾಡುವುದಿಲ್ಲ ಎಂದು ಯಾರಾದರೂ ವಾದಿಸಿದಾಗ, ಆ ವಿಂಗಡಣೆಯನ್ನು ಪ್ರಯೋಗಕ್ಕೆ ಮೊದಲೇ ಯೋಜಿಸಿದ್ದರೇ, ಒಟ್ಟು ಎಷ್ಟು ವಿಂಗಡಣೆಗಳನ್ನು ಮಾಡಿ ನೋಡಿದರು, ಬೇರೊಂದು ಪ್ರಯೋಗದಲ್ಲಿಯೂ ಅದೇ ಕಂಡಿತೇ ಎಂದು ವಿಚಾರಿಸಬೇಕು. ಸಂಶೋಧನಾ ಪ್ರಬಂಧಗಳನ್ನು ಓದಲು ಆರಂಭಿಸಿರುವ ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ಉತ್ತರವನ್ನು ಸಾರಾಂಶದಲ್ಲಿ ಹುಡುಕದೆ, ಪ್ರಯೋಗದ ವಿಧಾನವನ್ನು ವಿವರಿಸುವ ಭಾಗದಲ್ಲಿಯೂ ರೋಗಿಗಳ ವಿವರವಿರುವ ಮೊದಲ ಕೋಷ್ಟಕದಲ್ಲಿಯೂ ಹುಡುಕಬೇಕು.

ನಮಸ್ಕಾರ.