ಮೈದಾನದ ನಡುವಿನ 22 ಗಜ

ಕೇಳುಗರಿಗೆ ನಮಸ್ಕಾರ.

ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿಯುತ್ತಿದ್ದಂತೆ ಕಾರವಾರದಿಂದ ಭಟ್ಕಳದವರೆಗೆ ಊರೂರಿನ ಸರ್ಕಲ್‌ಗಳಲ್ಲಿ ಎರಡು ಬಗೆಯ ಬ್ಯಾನರ್ ಏಳುತ್ತವೆ. ಒಂದು ಯಕ್ಷಗಾನದ್ದು, ಇನ್ನೊಂದು ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾವಳಿಯದು. ಎರಡಕ್ಕೂ ನಿದ್ದೆಗೆಡುವವರು ಬಹುಮಟ್ಟಿಗೆ ಒಂದೇ ಜನ.

ಕಾರವಾರಕ್ಕೆ ಮಾಲಾದೇವಿ ಮೈದಾನವಿದೆ. ಸಣ್ಣ ಊರುಗಳಿಗೆ ಆ ಭಾಗ್ಯವೆಲ್ಲಿ? ಒಂದು ಬದಿಗೆ ಶಾಲೆಯ ಹೆಂಚಿನ ಮಾಡು, ಇನ್ನೊಂದು ಬದಿಗೆ ಯಾರದೋ ತೆಂಗಿನ ತೋಟ. ಮೈದಾನಕ್ಕೆ ತಕ್ಕ ಕಾನೂನು: ತೋಟದತ್ತ ಎಷ್ಟೇ ಎತ್ತಿ ಹೊಡೆದರೂ ಎರಡೇ ರನ್, ಚೆಂಡು ಮಾಡಿನ ಮೇಲೆ ಬಿದ್ದರೆ ಔಟ್. ಇದನ್ನು ಮೈಕಿನಲ್ಲಿ ಕನ್ನಡದಲ್ಲಿ ಸಾರುವವರು ಸಿಕ್ಸರ್ ಬಿದ್ದೊಡನೆ ಕೊಂಕಣಿಗೆ ಹೊರಳುತ್ತಾರೆ. ನಡುವೆ, ಯಾರದೋ ಬೈಕ್ ದಾರಿಗೆ ಅಡ್ಡವಿದೆ, ತೆಗೆಯಿರಿ ಎಂಬ ಪ್ರಕಟಣೆ.

ನನಗೆ ಹೇಳಲಿಕ್ಕಿರುವುದು ಮೈದಾನದ ನಡುವಿನ ಆ 22 ಗಜದ ಪಟ್ಟಿಯ, ಅಂದರೆ ಪಿಚ್ಚಿನ ಮಾತು. ನಾವು ಆಡುವ ಟೆನಿಸ್ ಚೆಂಡು 60 ಗ್ರಾಂ ಕೂಡ ತೂಗುವುದಿಲ್ಲ. ಚರ್ಮದ ಚೆಂಡು ಸುಮಾರು 160 ಗ್ರಾಂ. ಗಟ್ಟಿ ಕೆಮ್ಮಣ್ಣಿಗೆ ಬಿದ್ದ ಹಗುರ ಚೆಂಡು ಎದೆಯೆತ್ತರಕ್ಕೆ ಪುಟಿಯುತ್ತದೆ. ಮುಂಗಾಲನ್ನು ಬದಿಗೆ ಸರಿಸಿ, ಭುಜಬಲದಿಂದ ಅಡ್ಡ ಬೀಸುವುದನ್ನು ನಮ್ಮ ಹುಡುಗರು ಕಲಿತದ್ದು ಅದಕ್ಕಾಗಿಯೇ. ಆರು ಓವರಿನ ಆಟಕ್ಕೆ ಅಷ್ಟು ಸಾಕು. ಅದೇ ಹುಡುಗ ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ಚರ್ಮದ ಚೆಂಡಿಗೆ ನಿಂತರೆ, ಹೊಲಿಗೆಯ ಮೇಲೆ ಬಿದ್ದು ಒಳನುಗ್ಗಿದ ಚೆಂಡು ಸ್ಟಂಪ್ ಕೀಳುತ್ತದೆ. ಕರಾವಳಿಯವರಿಗೆ ಪ್ರತಿಭೆ ಸಾಲದು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಅಂತಹ ಚೆಂಡನ್ನು ಅವನು ಇಲ್ಲಿ ಎಲ್ಲಿ ಎದುರಿಸಬೇಕಿತ್ತು?

ಚರ್ಮದ ಚೆಂಡಿನ ಪಿಚ್ಚಿಗೆ ಜಿಗುಟು ಮಣ್ಣು ಬೇಕು. ನೀರುಣಿಸಿ, ರೋಲರ್ ಎಳೆದು, ಒಣಗಿಸಿ ಅದನ್ನು ಕೂರಿಸಬೇಕು. ನಮ್ಮದೋ ಜಂಬಿಟ್ಟಿಗೆ ನೆಲ, ಬರೀ ಹರಳು. ಧಾರವಾಡದ ಕಡೆಯಿಂದ ಎರೆಮಣ್ಣು ತಂದು ಹಾಸಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಅದನ್ನು ಉಳಿಸೀತೇ? ಸಿಮೆಂಟಿನ ಪಟ್ಟಿ ಹಾಕಿ, ಮೇಲೆ ತೆಂಗಿನ ನಾರಿನ ಮ್ಯಾಟ್ ಬಿಗಿಯುವುದೇ ನಮಗೆ ಒಗ್ಗುವ ದಾರಿ. ಮಳೆಗಾಲದಲ್ಲಿ ಅದನ್ನು ಸುತ್ತಿ ಅಟ್ಟಕ್ಕೆ ಹಾಕಿದರಾಯಿತು.

ಆಳೆತ್ತರದ ಟ್ರೋಫಿಗೆ, ಪಟಾಕಿಗೆ, ಗಣ್ಯರ ಶಾಲಿಗೆ ಹಣ ಹೊಂದಿಸುವ ಸಂಘಟಕರಿಗೆ ಇದು ಹೊರಲಾರದ ಭಾರವಲ್ಲ. ಈ ಸಲ ಟ್ರೋಫಿ ಒಂದಡಿ ಗಿಡ್ಡವಾಗಲಿ, ಉಳಿದದ್ದು ಮ್ಯಾಟಿಗೆ. ಸಿಮೆಂಟನ್ನು ಬಹುಮಾನ ವಿತರಣೆಗೆ ಬರುವ ಗಣ್ಯರಲ್ಲೇ ಕೇಳಿ. ಭಾಷಣಕ್ಕೆ ಮೊದಲೇ ಕೇಳುವುದು ಒಳ್ಳೆಯದು.